ಮೂರು ಪೆಡಲಿನ ಗಿಟಾರು

ಉಗಾರ ಬುದ್ರುಕದಲ್ಲಿ ಹೊಲಿಗೆ ಮಷಿನ್ ಕೆಟ್ಟರೆ ಎಲ್ಲಿಗೆ ಒಯ್ಯಬೇಕೆಂದು ಯಾರನ್ನಾದರೂ ಕೇಳಿ ನೋಡಿ. ಸುಗಂಧಾಬಾಯಿಯ ಅಂಗಡಿಗೆ ಎನ್ನುತ್ತಾರೆ. ಆ ಸುಗಂಧಾಬಾಯಿ ನಾನೇ. ಮೂವತ್ತೊಂದು ವರ್ಷದಿಂದ ಬಸ್‌ಸ್ಟ್ಯಾಂಡಿನ ಎದುರಿಗೆ ಕುಳಿತಿದ್ದೇನೆ. ಹೊಲಿಯುತ್ತೇನೆ, ಹೊಲಿಗೆ ಕಲಿಸುತ್ತೇನೆ, ಮಷಿನ್ ಬಿಚ್ಚಿ ಜೋಡಿಸುತ್ತೇನೆ. ಕಾಗವಾಡದಿಂದ, ಅಥಣಿಯಿಂದ ಗಂಡಸು ಟೇಲರುಗಳು ಮಷಿನ್ನಿನ ತಲೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬೈಕಿನ ಮೇಲೆ ತಂದು ನನ್ನ ಮುಂದೆ ಇಡುತ್ತಾರೆ. ನನ್ನ ಕೈಯಿಂದ ಸರಿಯಾಗಿ ಹೋದದ್ದು ಮತ್ತೆ ರಿಪೇರಿಗೆ ಬಂದದ್ದಿಲ್ಲ. ಜಂಬ ಅನ್ನುತ್ತೀರಾ? ಅನ್ನಿ. ಇದ್ದದ್ದನ್ನು ಹೇಳಿಕೊಳ್ಳಲು ನನಗೆಂಥ ನಾಚಿಕೆ?

ಇನ್ನೊಂದು ವಿದ್ಯೆಯೂ ನನಗಿದೆ. ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದನ್ನು ನನಗೂ ಕಲಿಸಿದ. ನಮ್ಮ ಮಹಿಳಾ ಭಜನಾ ಮಂಡಳದಲ್ಲಿ ಅದನ್ನೇ ನುಡಿಸಿಕೊಂಡು ಬಂದಿದ್ದೆ. ಹಾರ್ಮೋನಿಯಂ ಸಾವಕ್ಕನದು, ಗಿಟಾರು ನನ್ನದು.

ಹೋದ ಶ್ರಾವಣದಲ್ಲಿ ನಿಪ್ಪಾಣಿಯ ಒಂದು ಮದುವೆ ಮನೆಯಲ್ಲಿ ಬಾಳಾಸಾಬರ ಗಿಟಾರ್ ಕೇಳಿದೆ. ನಲವತ್ತು ವರ್ಷ ಕೊಲ್ಹಾಪುರದ ಆರ್ಕೆಸ್ಟ್ರಾಗಳಲ್ಲಿ ನುಡಿಸಿದ ಮನುಷ್ಯ. ಅವರ ಗಿಟಾರು ತೊಡೆಯ ಮೇಲೆ ಇರಲಿಲ್ಲ. ನಾಲ್ಕು ಕಾಲಿನ ಸಣ್ಣ ಟೇಬಲ್ಲಿನಂತೆ ನಿಂತಿತ್ತು. ಮೇಲೆ ಹತ್ತು ತಂತಿ, ಕೆಳಗೆ ಮೂರು ಪೆಡಲ್, ಮೊಣಕಾಲಿನಿಂದ ತಳ್ಳಲು ಒಂದು ಪಟ್ಟಿ. ಪೆಡಲ್ ತುಳಿದರೆ ಒಳಗಿನ ಕಡ್ಡಿ ತಂತಿಯನ್ನು ಜಗ್ಗುತ್ತದೆ, ಎಡಗೈ ಕದಲದೆಯೇ ಸ್ವರ ಮೇಲೇರುತ್ತದೆ. ಒಂದು ತಂತಿ ನಿಂತಲ್ಲೇ ನಿಂತು ಪಕ್ಕದ ತಂತಿ ಏರಿದಾಗ ನನ್ನ ಮೈಮೇಲೆ ಮುಳ್ಳೆದ್ದವು. ಅಯ್ಯೋ, ಇಷ್ಟು ವರ್ಷ ನಾನು ಏನು ನುಡಿಸುತ್ತಿದ್ದೆ ಅನಿಸಿತು.

ಬಾಳಾಸಾಬರಿಗೆ ಮೊಣಕಾಲು ನೋವು, ಇನ್ನು ಪೆಡಲ್ ತುಳಿಯುವುದು ಆಗದು ಎಂದರು. ಅವರ ಸೊಸೆ ಕೋಮಲಳಿಗೆ ಕಸೂತಿ ಮಷಿನ್ ಬೇಕಿತ್ತು. ನನ್ನ ಹತ್ತಿರ ಕಸೂತಿಗೂ ಒದಗುವ ಒಂದು ಒಳ್ಳೆಯ ಝಿಗ್‌ಜ್ಯಾಗ್ ಮಷಿನ್ ಇತ್ತು. ಮುಂದಿನ ವಾರವೇ ಅದಲುಬದಲಾಯಿತು. ಪೆಟ್ಟಿಗೆ ಮುಚ್ಚುವಾಗ ಬಾಳಾಸಾಬರು ಒಂದೇ ಮಾತು ಹೇಳಿದರು.

"ಅಕ್ಕಾರ, ತಂತಿ ಬಿಗಿಯೋ ಮ್ಯಾಲಿನ ಕಿವಿ ಎಷ್ಟ ಬೇಕಾದರೂ ತಿರುವ್ರಿ. ಕೆಳಗಿನ ಬಿಳಿ ನಟ್ಟಿಗೆ ಮಾತ್ರ ಒಂದ ತಿಂಗಳ ಕೈ ಹಚ್ಚಬ್ಯಾಡ್ರಿ. ಅದರ ಗುಣಾ ತಿಳೀಲಿ ಮೊದಲ."

ಹೂಂ ಎಂದೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಪೆಟ್ಟಿಗೆಯನ್ನು ಕಂಡಕ್ಟರನಿಗೂ ಮುಟ್ಟಗೊಡದೆ ಮನೆಗೆ ತಂದು, ಮರುದಿನ ಮಧ್ಯಾಹ್ನವೇ ಅಂಗಡಿಯಲ್ಲಿ ಅದನ್ನು ಬೋರಲು ಹಾಕಿದೆ. ನನಗೆ ಬುದ್ಧಿ ಹೇಳುವವರು ಇವರ್ಯಾರು ಅಂತ!

ಒಳಗೆ ನೋಡಿದರೆ ಎಲ್ಲ ಕಡ್ಡಿಗಳೂ ಅಲ್ಲಾಡುತ್ತಿದ್ದವು. ಹೆಚ್ಚಲ್ಲ, ಕೂದಲೆಳೆಯಷ್ಟು. ಬೆರಳಿನಿಂದ ಮುಟ್ಟಿದರೆ ಟಿಕ್ ಟಿಕ್ ಎನ್ನುತ್ತಿದ್ದವು. ಮಷಿನ್ನಿನಲ್ಲಿ ಸಡಿಲು ಕಂಡರೆ ನನಗೆ ಮೈಯುರಿ. ಸಡಿಲು ಇದ್ದಲ್ಲಿ ಹೊಲಿಗೆ ಹಾರುತ್ತದೆ, ಸೂಜಿ ಮುರಿಯುತ್ತದೆ. ಪಾಪ, ಮುದುಕರ ಕಣ್ಣು ಕಾಣುವುದಿಲ್ಲ ಎಂದುಕೊಂಡು, ಮಷಿನ್ ಎಣ್ಣೆ ಬಿಟ್ಟು, ಕಡ್ಡಿಗಳ ತುದಿಯ ಬಿಳಿ ನಟ್ಟುಗಳನ್ನೆಲ್ಲ ಒಂದೂ ಬಿಡದೆ ಬಿಗಿ ಮಾಡಿದೆ. ಟಿಕ್ ಟಿಕ್ ನಿಂತಿತು. ಹಬ್ಬದ ಹೊಲಿಗೆಯ ಗಡಿಬಿಡಿ, ನುಡಿಸಿ ನೋಡಲಿಲ್ಲ; ಕೈ ಒರೆಸಿಕೊಂಡು ಚಹಾ ಕುಡಿದೆ.

ಅದೇ ಹುಮ್ಮಸ್ಸಿನಲ್ಲಿ ಆ ವಾರ ಬಸದಿಯ ಕಮಿಟಿಯ ಮುಂದೆ ಹೋಗಿ ನಿಂತೆ. ಪ್ರತಿ ಕಾರ್ತಿಕದಲ್ಲಿ ನಮ್ಮ ಬಸದಿಯಲ್ಲಿ ಎಂಟು ದಿನದ ಸಿದ್ಧಚಕ್ರ ಆರಾಧನೆ ನಡೆಯುತ್ತದೆ. ಪೂಜೆಗೆ ಸಂಗೀತ ಬೇಕು. ಅದಕ್ಕೆ ಪ್ರತಿ ವರ್ಷ ಹೊರಗಿನ ಪಾರ್ಟಿ ಬರುತ್ತದೆ. ಅವರು ಮೈಕಿನ ಮುಂದೆ, ಊರಿನ ಹೆಂಗಸರು ಹಿಂದೆ ಚಪ್ಪಾಳೆ ತಟ್ಟುತ್ತ. ಇಪ್ಪತ್ತು ವರ್ಷದಿಂದ ಭಜನೆ ಮಾಡುವ ನಮಗೆ ಇಷ್ಟೇನಾ ಮರ್ಯಾದೆ? ಈ ಸಲ ಎಂಟೂ ದಿನ ನಮ್ಮ ಮಂಡಳವೇ ನುಡಿಸುತ್ತದೆ ಎಂದೆ.

ಕಮಿಟಿಯ ಅಧ್ಯಕ್ಷರು ಜಯಪಾಲ, ಸಂಬಂಧದಲ್ಲಿ ನನಗೆ ಭಾವ. ನನ್ನ ಗಿಟಾರಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ವಾದ್ಯಕ್ಕ ಕಾಲ ಹಚ್ಚತೀ ಅಂತಲ್ಲ? ಬಸದ್ಯಾಗ ಅದು ನಡಿತೈತೇನ್ ಸುಗಂಧಾ?"

"ಭಾವಾರ, ಮೂವತ್ತ ವರ್ಷ ಮಷಿನ್ ಪೆಡಲ್ ತುಳದ ಹೊಟ್ಟಿ ತುಂಬಿಸಿಕೊಂಡೀನಿ. ಖಂಡೇನವಮಿಗೆ ಅದ ಪೆಡಲಿಗೆ ಕುಂಕುಮ ಹಚ್ಚತೀನಿ. ಪೂಜಾದಾಗ ನೀವು ಉಡೋ ಧೋತ್ರದ ಅಂಚು ಅದ ಕಾಲಿಲೇ ಹೊಲದದ್ದು. ಅದು ನಡಿತೈತಲ್ಲ?"

ಸುತ್ತ ಕುಳಿತವರು ನಕ್ಕರು. ಜಯಪಾಲ ಭಾವನೂ ನಕ್ಕರು, ಆದರೆ ಗಟ್ಟಿ ಮನುಷ್ಯ. ಮೊದಲು ಕೇಳಿ ನೋಡುತ್ತೇನೆ ಎಂದು ಸೋಮವಾರ ಬೆಳಿಗ್ಗೆ ಅಂಗಡಿಗೇ ಬಂದರು. ಸಾವಕ್ಕ ಹಾರ್ಮೋನಿಯಂ ತಂದಿದ್ದಳು. ನಾನು ನುಡಿಸಿದೆ.

ಏನು ಹೇಳಲಿ! ಮೊದಲ ಸಾಲು ಸರಿ ಬಂತು. ಪೆಡಲ್ ತುಳಿದೆ, ಸ್ವರ ಏರಿತು. ಪೆಡಲ್ ಬಿಟ್ಟೆ, ಸ್ವರ ಮನೆಗೆ ಬರಲಿಲ್ಲ. ಇಳಿಯಬೇಕಾದಲ್ಲಿಗೆ ಇಳಿಯದೆ ಮೇಲೆಯೇ ಎಲ್ಲೋ ಸಿಕ್ಕಿಕೊಂಡಿತು. ಮತ್ತೆ ತುಳಿದೆ, ಇನ್ನೊಂದು ಕಡೆ ನಿಂತಿತು. ಸಾವಕ್ಕ ಹಾರ್ಮೋನಿಯಂ ಬಿಟ್ಟು ಕಿವಿ ಮುಚ್ಚಿಕೊಂಡಳು. ಗೆಳತಿಯಂತೆ ಗೆಳತಿ!

"ಏನ್ ಇದು, ಬೆಕ್ಕಿನ ಬಾಲ ತುಳದಂಗ?" ಎಂದರು ಭಾವ.

ನನ್ನ ಮುಖ ಕೆಂಡವಾಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ನಾ ಏನ್ ಮಾಡಲ್ರಿ? ನಿಪ್ಪಾಣಿಯವರು ಕೆಟ್ಟ ಮಾಲ ಗಂಟ ಹಾಕ್ಯಾರ."

"ಗುರುವಾರ ನಾಕಕ್ಕ ಕಮಿಟಿ ಎಲ್ಲಾ ಬಸದಿ ಹಾಲ್‌ನಾಗ ಕೂಡತೈತಿ. ಅಲ್ಲಿ ಮುಂದ ನುಡಸು. ಸುರ ಕೂಡಿತಂದ್ರ ಎಂಟ ದಿವಸ ನಿಮ್ಮದು. ಕೂಡಲಿಲ್ಲಂದ್ರ ಹೊರಗಿನ ಪಾರ್ಟಿಗೆ ಅವತ್ತ ಫೋನ್ ಮಾಡ್ತೀನಿ, ಆಮ್ಯಾಲ ನನ್ನ ಕೂಡ ಜಗಳಕ್ಕ ಬರಬ್ಯಾಡ" ಎಂದು ಹೇಳಿ ಹೋದರು.

ನಾನು ಬಾಳಾಸಾಬರಿಗೆ ಫೋನ್ ಹಚ್ಚಿದೆ. ಆ ಹೊತ್ತಿಗೆ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ವಯಸ್ಸಾದವರು ಹೀಗೆ ಮಾಡಬಹುದಾ, ನಾನು ಕೊಟ್ಟ ಮಷಿನ್ ಗಡಿಯಾರದಂತೆ ಓಡುತ್ತದೆ, ನೀವು ಕೊಟ್ಟದ್ದೇನು ಎಂದು ಕೂಗಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ಅಕ್ಕಾರ, ಕೆಳಗೇನರ ತಿರುವೀರೇನು?"

"ಏನೂ ಇಲ್ಲ. ಎಣ್ಣಿ ಬಿಟ್ಟೀನಿ, ಅಷ್ಟ."

"ಬರಂ," ಎಂದರು ಮರಾಠಿಯಲ್ಲಿ, ಆಗಲಿ ಎಂಬಂತೆ. ಫೋನ್ ಇಟ್ಟರು.

ಮಂಗಳವಾರ ಮಧ್ಯಾಹ್ನದವರೆಗೂ ಅದರ ಜೊತೆ ಗುದ್ದಾಡಿದೆ. ಮೇಲಿನ ಕಿವಿ ತಿರುವಿದೆ, ಎರಡು ತಂತಿ ಬದಲಿಸಿದೆ. ಬಗೆಹರಿಯಲಿಲ್ಲ. ಪಕ್ಕದ ಮಷಿನ್ನಿನಲ್ಲಿ ಹದಿನೆಂಟು ವರ್ಷದಿಂದ ಹೊಲಿಯುವ ಕುಲಸುಂಬಿ ಅಂದು ಸೀರೆಗೆ ಫಾಲ್ ಹಚ್ಚುತ್ತ ನೆಲದ ಮೇಲೆ ಕುಳಿತಿದ್ದಳು. ಕುಳಿತಲ್ಲಿಂದ ಅವಳಿಗೆ ಗಿಟಾರಿನ ಹೊಟ್ಟೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಹಾಕಿ ಒಂದು ಕಡ್ಡಿ ಮುಟ್ಟಿದಳು.

"ಅಕ್ಕಾ, ಸಿಟ್ಟಾಗಬ್ಯಾಡ. ನೀ ಪೆಡಲ್ ಬಿಟ್ಟಿ. ಇದು ತಂತಿ ಬಿಟ್ಟೇ ಇಲ್ಲ. ಬಿಗಿಯಾಗಿ ಹಿಡಕೊಂಡ ಕುಂತೈತಿ."

"ಬಿಗಿ ಇರಬೇಕವಾ, ಅದಕ್ಕ ಬಿಗಿ ಮಾಡೀನಿ."

"ಬಗಲಾಗ ಬಿಗಿ ಹೊಲದ ಜಂಪರ ಹಂಗಾಗೈತಿ ನೋಡ. ಕೈ ಎತ್ತಿದರ ಮ್ಯಾಲ ಏರತೈತಿ, ಇಳಿಸಿದರ ಕೆಳಗ ಬರಂಗಿಲ್ಲ. ಹೊಸದಾಗಿ ಬಂದ ಹುಡಿಗ್ಯಾರಿಗೆ ನೀನ ಬೈತೀ, ಬಗಲಾಗ ಎರಡ ಬೆರಳ ಬಿಡ್ರಿ, ಉಟ್ಟಾಕಿ ಉಸಿರಾಡಲಿ ಅಂತ."

ಕೈಯಲ್ಲಿದ್ದ ತಂತಿ ಕೆಳಗಿಟ್ಟು ಅವಳ ಮುಖ ನೋಡಿದೆ. ಬೈಯಬೇಕೆಂದು ಬಾಯಿ ತೆರೆದವಳು ನಾನೇ ಬಗ್ಗಿ ಆ ಕಡ್ಡಿ ಮುಟ್ಟಿದೆ, ಅದು ಅಲ್ಲಾಡಲಿಲ್ಲ. ಆಮೇಲೆ ನಗು ಬಂತು. ಆ ಕೂದಲೆಳೆಯ ಸಡಿಲು ಮುದುಕರ ಅಲಕ್ಷ್ಯವಾಗಿರಲಿಲ್ಲ. ನಲವತ್ತು ವರ್ಷದ ಕೈ ಬೇಕೆಂದೇ ಬಿಟ್ಟದ್ದು. ಪೆಡಲ್ ಬಿಟ್ಟಾಗ ತಂತಿ ತನ್ನ ಜಾಗಕ್ಕೆ ಹೋಗಿ ಕೂರಲು ಅಷ್ಟು ಜಾಗ ಬೇಕು. ಅದನ್ನು ಕಿತ್ತುಕೊಂಡವಳು ನಾನು. ಮೇಲಿಂದ ಆ ದೊಡ್ಡ ಮನುಷ್ಯರಿಗೆ ಮೋಸಗಾರ ಎಂದೆ.

ಆಮೇಲೆ ನಾನು ಮತ್ತು ಕುಲಸುಂಬಿ ಬೇರೆ ಕೆಲಸ ಮುಟ್ಟಲಿಲ್ಲ. ಬಿಳಿ ನಟ್ಟುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದೆ. ಪ್ರತಿ ಕಡ್ಡಿಯನ್ನೂ ಅವಳು ಬೆರಳಿನಿಂದ ಮುಟ್ಟಿ ಟಿಕ್ ಎಂದರೆ ಹೂಂ ಎನ್ನುತ್ತಿದ್ದಳು. ಬುಧವಾರ ಸಾವಕ್ಕನನ್ನು ಕೂರಿಸಿಕೊಂಡೆ. ಕಾಲು ಎತ್ತಿ ಮೇಲಿನ ಕಿವಿಯಿಂದ ಸುರ ಕೂಡಿಸುವುದು, ಕಾಲು ಒತ್ತಿ ಕೆಳಗಿನ ನಟ್ಟಿನಿಂದ ಕೂಡಿಸುವುದು, ಮತ್ತೆ ಕಾಲು ಎತ್ತಿ ಮನೆಗೆ ಬಂತೇ ನೋಡುವುದು. ಹತ್ತು ತಂತಿ, ಮೂರು ಪೆಡಲ್, ಒಂದು ಮೊಣಕಾಲ ಪಟ್ಟಿ. ಸಂಜೆಗೆ ಸಾವಕ್ಕ ಹಾರ್ಮೋನಿಯಂ ಮೇಲೆ ಕೈ ಇಟ್ಟುಕೊಂಡೇ ಕಣ್ಣು ಒರೆಸಿಕೊಂಡಳು. "ಹಿಂಗ ಅಳಸತೈತಂದ್ರ ಮೊದಲ ಹೇಳಬಾರದೇನ ಬೇ" ಎಂದಳು. ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಗುರುವಾರ ನಾಲ್ಕು ಗಂಟೆ. ಬಸದಿಯ ಹಾಲ್‌ನಲ್ಲಿ ಕಮಿಟಿಯ ಒಂಬತ್ತು ಗಂಡಸರು, ನಮ್ಮ ಮಂಡಳದ ಹದಿನಾಲ್ಕು ಹೆಂಗಸರು, ಬಾಗಿಲ ಹತ್ತಿರ ಕುಲಸುಂಬಿ. ಪೂಜೆಯ ಮೊದಲ ಪದ್ಯವನ್ನು ನಮ್ಮವರು ಎತ್ತಿಕೊಂಡರು. ನಾನು ಪೆಡಲ್ ತುಳಿದೆ. ಸ್ವರ ಏರಿತು. ಬಿಟ್ಟೆ. ಇಳಿದು ನೆಟ್ಟಗೆ ಹಾರ್ಮೋನಿಯಂ ಪಕ್ಕದಲ್ಲಿ ಬಂದು ಕುಳಿತಿತು. ಪದ್ಯ ಮುಗಿದಾಗ ಒಬ್ಬ ಹಿರಿಯರು ಕುಳಿತಲ್ಲೇ ಕೈ ಮುಗಿದಿದ್ದರು. ನಮ್ಮ ಹೆಂಗಸರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಜಯಪಾಲ ಭಾವ ಮಾತ್ರ ತಲೆ ಕೆರೆದುಕೊಂಡರು.

"ಚಂದ ಆತು, ಇಲ್ಲ ಅನ್ನಂಗಿಲ್ಲ. ಖರೆ ಇದು ಎಂಟ ದಿವಸದ ಕೆಲಸ. ಸೋಮವಾರ ನಾನ ಕೇಳೀನಲ್ಲ? ನೀನ ಅಂದಿ, ಕೆಟ್ಟ ಮಾಲ ಗಂಟ ಹಾಕ್ಯಾರ ಅಂತ. ಹಂತಾ ಮಾಲು ಇವತ್ತ ನಡೀತು, ನಾಳೆ ಪೂಜಾದ ನಡುವ ಕೈ ಕೊಟ್ಟರ? ಮುನಿಗಳು ಕುಂತಿರತಾರ, ಊರ ಮಾನ ಹೋಗತೈತಿ. ಈ ವರ್ಷ ಹೊರಗಿನವರ ಬರಲಿ."

ಕಮಿಟಿಯವರು ಹೌದು ಹೌದು ಎಂದು ತಲೆ ಆಡಿಸಿದರು. ಸಾವಕ್ಕ ಹಾರ್ಮೋನಿಯಂ ಮುಚ್ಚತೊಡಗಿದಳು.

ನನ್ನ ಬಾಯಿಂದ ಬಿದ್ದ ಒಂದು ಮಾತು ಹದಿನಾಲ್ಕು ಜನರ ಜಾಗ ನುಂಗುತ್ತಿತ್ತು. ಅದನ್ನು ಬಿಡಿಸಲು ನನ್ನ ಹತ್ತಿರ ಒಂದೇ ಉಪಾಯವಿತ್ತು. ಹೇಳಬೇಕಾದ ಮಾತನ್ನು ನನ್ನ ಜೀವಮಾನದಲ್ಲಿ ಹೇಳಿರಲಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ. ಎದ್ದು ನಿಂತೆ.

"ಮಾಲು ಕೆಟ್ಟದ್ದಲ್ರಿ. ಕೆಡಿಸಿದಾಕಿ ನಾನು. ಬಾಳಾಸಾಬರು ಕೈ ಹಚ್ಚಬ್ಯಾಡ ಅಂದಿದ್ದರು, ಹಚ್ಚಿದೆ. ಬಿಗಿ ಮಾಡಬಾರದ್ದನ್ನ ಬಿಗಿ ಮಾಡಿದೆ. ತಪ್ಪ ನಂದು, ಹೆಸರ ಅವರದು ಹೇಳಿದೆ. ತಪ್ಪ ಹಿಡದಾಕಿ ಕುಲಸುಂಬಿ, ನಾನಲ್ಲ."

ಬಾಗಿಲಲ್ಲಿ ಕುಲಸುಂಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೇಳಿದ ಮೇಲೆ ನನಗೆ ಹೆದರಿಕೆಯೇ ಹೋಯಿತು. ಗಿಟಾರಿನ ತುದಿಗೆ ಕುಳಿತು, ಎಲ್ಲರ ಕಣ್ಣೆದುರಿಗೆ ಒಂದು ಬಿಳಿ ನಟ್ಟನ್ನು ಬಿಗಿ ಮಾಡಿದೆ, ನುಡಿಸಿದೆ. ಸೋಮವಾರದ ಬೆಕ್ಕು ಕೂಗಿತು. ನಟ್ಟನ್ನು ಹಿಂದಕ್ಕೆ ಬಿಟ್ಟು, ಕಾಲು ಒತ್ತಿ, ಸಾವಕ್ಕನ ಸ್ವರಕ್ಕೆ ಕೂಡಿಸಿ ಮತ್ತೆ ನುಡಿಸಿದೆ. ಸ್ವರ ಮನೆಗೆ ಬಂತು.

"ಇದು ಹೆಂಗ ಕೆಡತೈತಿ ಅನ್ನೋದು ನನಗ ಗೊತ್ತೈತಿ, ಹೆಂಗ ಸುಧಾರಿಸತೈತಿ ಅನ್ನೋದೂ ಗೊತ್ತೈತಿ. ನಿಮ್ಮ ಹೊರಗಿನ ಪಾರ್ಟಿಯ ಹಾರ್ಮೋನಿಯಂ ಪೇಟಿ ಪೂಜಾದ ನಡುವ ಕೆಟ್ಟರ ಸರಿ ಮಾಡಾಕ ಅವರಾಗ ಯಾರದಾರ್ರಿ? ಹೇಳ್ರಿ ಭಾವಾರ."

ಜಯಪಾಲ ಭಾವ ಎದ್ದು ಬಂದು ಆ ನಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಮ್ಮ ಮನಿತನಕ್ಕ ಸೊಸಿಯಾಗಿ ಬಂದಾಗಿಂದ ನೋಡೀನಿ, ತಪ್ಪಾತು ಅಂತ ನಿನ್ನ ಬಾಯಿಂದ ಇವತ್ತ ಕೇಳಿದೆ," ಎಂದರು. ಕಮಿಟಿಯವರ ಕಡೆ ತಿರುಗಿದರು. "ಇಷ್ಟ ಹೇಳಾಕ ಧೈರ್ಯ ಇದ್ದಾಕಿ ಎಂಟ ದಿವಸ ನಡಸತಾಳ. ಹೊರಗಿನವರಿಗೆ ಬ್ಯಾಡಂತ ತಿಳಸ್ರಿ."

ನಮ್ಮ ಹೆಂಗಸರು ಎಬ್ಬಿಸಿದ ಗದ್ದಲ ಕೃಷ್ಣಾ ನದಿಯ ಆಚೆಗೂ ಕೇಳಿಸಿರಬೇಕು. ನಾನು ಅಂಗಳಕ್ಕೆ ಬಂದು ಬಾಳಾಸಾಬರಿಗೆ ಫೋನ್ ಹಚ್ಚಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಟ್ಟು ತಿರುವಿದ್ದು, ಇಲ್ಲ ಎಂದದ್ದು, ಬೈದದ್ದು. ಕ್ಷಮಿಸಬೇಕು ಎಂದೆ.

"ನೀವು ಎಣ್ಣಿ ಅಂದಾಗನ ತಿಳೀತು ಅಕ್ಕಾರ," ಎಂದರು ಅವರು. "ಇದು ನನ್ನ ಕೈಗೆ ಬಂದ ಮೊದಲನೇ ವಾರ ನಾನೂ ಹಂಗ ಬಿಗಿ ಮಾಡಿದ್ದೆ. ಕೊಟ್ಟ ಮನಷ್ಯಾಗ ಫೋನ್ ಮಾಡಿ ಬಾಯಿಗೆ ಬಂದಂಗ ಬೈದಿದ್ದೆ. ಆಮ್ಯಾಲ ತಪ್ಪ ನಂದು ಅಂತ ತಿಳೀತು. ಅಂವಗ ಹೇಳಾಕ ನನಗ ಮನಸ ಬರಲಿಲ್ಲ. ಅಂವ ತೀರಿಕೊಂಡ."

"ಎಂಟೂ ದಿವಸ ಬರಬೇಕ್ರಿ, ಮುಂದ ಕುಂತ ನಿಮ್ಮ ಗಿಟಾರ್ ಕೇಳಬೇಕು" ಎಂದೆ.

"ಬರತೀನಿ. ಖರೆ ನನ್ನ ಗಿಟಾರ್ ಅನಬ್ಯಾಡ್ರಿ," ಎಂದರು. "ಇವತ್ತಿನಿಂದ ಅದು ನಿಮ್ಮದು."