ಬಾರದವರ ಸೊನ್ನೆ

ಬೆಳಿಗ್ಗೆ ಸರಿಮಾಡಿದ್ದ ಸೆಟ್ಟಿಂಗು ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಮೊದಲಿನಂತಾಗಿತ್ತು. ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ವಡೋದರಾದ ಆ ಔಷಧಿ ಕಂಪನಿಯಲ್ಲಿ ಅಂಕಿಅಂಶದ ಸಾಫ್ಟ್‌ವೇರ್ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದರ ಮುಂದೆ ಕೂರುವವರು ಇಬ್ಬರೇ, ಅವಳು ಮತ್ತು ಅವಳ ಮೇಲಧಿಕಾರಿ ಬಾಲಕೃಷ್ಣ. ಅವಳು ಬದಲಾಯಿಸುವುದು, ಅವರು ಮತ್ತೆ ಹಳೆಯದಕ್ಕೇ ತರುವುದು. ವಾರದಿಂದ ಇದೇ ಹಣೆಬರಹವಾಗಿತ್ತು.

ವಿಷಯ ನೋಡಿದರೆ ಇಷ್ಟೇ. ಮಂಡಿನೋವಿನ ಹೊಸ ಮಾತ್ರೆಯ ಪರೀಕ್ಷೆ ನಡೆದಿತ್ತು. ನುಂಗುವವರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು, ನೋವು ಹತ್ತರಲ್ಲಿ ಎಷ್ಟೆಂದು ಹೇಳಬೇಕು. ಬಾರದವರ ಜಾಗ ಖಾಲಿ. ಆದರೆ ಈ ಘನಂದಾರಿ ಸಾಫ್ಟ್‌ವೇರು, ಬೇರೆ ಹೇಳದಿದ್ದರೆ, ಖಾಲಿ ಜಾಗವನ್ನೆಲ್ಲ ಸೊನ್ನೆ ಎಂದೇ ಓದುತ್ತಿತ್ತು. ಸೊನ್ನೆ ಎಂದರೆ ನೋವೇ ಇಲ್ಲ. ಬಾರದವರು ಹೆಚ್ಚಾದಷ್ಟೂ ಮಾತ್ರೆ ಅಮೃತವಾಗುತ್ತಾ ಹೋಗುತ್ತಿತ್ತು.

ಇಂದುಮತಿಯ ಮನೆಯ ಮೇಲಿನ ಮಹಡಿಯ ಕೋಕಿಲಾಬೆನ್ ಕೂಡ ಆ ಮಾತ್ರೆ ನುಂಗುತ್ತಿದ್ದರು. ಎರಡು ತಿಂಗಳಿಂದ ಆಸ್ಪತ್ರೆಯ ಕಡೆ ಹೋಗಿರಲಿಲ್ಲ. ಯಾಕೆಂದು ಕೇಳಿದರೆ, ಮೆಟ್ಟಿಲಿಳಿಯಲು ಮಂಡಿ ಬಿಡಬೇಕಲ್ಲ ಮಗಳೇ ಎಂದು ನಕ್ಕಿದ್ದರು.

ಅವಳು ನೇರ ಬಾಲಕೃಷ್ಣರ ಕೋಣೆಗೆ ನುಗ್ಗಿದಳು. ಅವರು ಮೈಸೂರಿನವರು, ದನಿ ಏರಿಸಿ ಗೊತ್ತಿಲ್ಲದವರು. ಹಿಂದಿನ ವರದಿಗಳೆಲ್ಲ ಹೀಗೇ ಹೋಗಿವೆ, ಈಗ ಲೆಕ್ಕ ಬದಲಾದರೆ ಅಹಮದಾಬಾದಿನ ಮುಖ್ಯ ಕಚೇರಿಯ ದೊಡ್ಡವರು ಸುಮ್ಮನಿರುತ್ತಾರೆಯೇ ಎಂದು ಸಮಾಧಾನವಾಗಿಯೇ ಕೇಳಿದರು. ಸಾಫ್ಟ್‌ವೇರು ಬಂದ ಹಾಗೆಯೇ ಇರಲಿ, ನಾವ್ಯಾಕೆ ಕೈಹಾಕಬೇಕು ಎಂದರು.

"ಬರಲಿಕ್ಕೇ ಆಗಲಾರದವರಿಗೆ ನೋವಿಲ್ಲಂತ ಬರೀತೀವಲ್ರಿ ಸರ್," ಎಂದಳು. ಸಿಟ್ಟು ಬಂದರೆ ಅವಳಿಗೆ ಧಾರವಾಡದ ಮಾತು ತಾನಾಗಿ ಬರುತ್ತಿತ್ತು. "ಇದಕ್ಕ ನಾ ಸಹಿ ಹಾಕಂಗಿಲ್ಲ."

ತನ್ನ ಸಹಿಯಿಲ್ಲದೆ ವರದಿ ಹೋಗದು ಎಂದೇ ಪಾಪ ಅವಳು ನಂಬಿದ್ದಳು. ಬಾಲಕೃಷ್ಣ ಕನ್ನಡಕ ತೆಗೆದು ಒರೆಸಿಕೊಂಡರು.

"ಬಿಡಿ, ನಾನೇ ಹಾಕ್ತೀನಿ."

ಅಷ್ಟೇ. ಸಂಜೆಯವರೆಗೂ ಪ್ರಿಂಟರು ಕರಕರ ಎನ್ನುತ್ತಲೇ ಇತ್ತು. ಅವಳು ಕೆಲಸವಿಲ್ಲದೆ ಅದರ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ಬಂದಾಗ ಕೋಕಿಲಾಬೆನ್ ಅರ್ಧ ಮೆಟ್ಟಿಲಿನಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಪಕ್ಕದಲ್ಲಿ ಆಸ್ಪತ್ರೆಯ ಚೀಟಿಯ ಚೀಲ. ತಪ್ಪಿಸಬೇಡಿ ಎಂದು ನೀನು ಅಷ್ಟು ಹೇಳಿದ್ದೆಯಲ್ಲ, ಮಧ್ಯಾಹ್ನವೇ ಹೊರಟೆ, ಇಲ್ಲಿಯವರೆಗೆ ಬಂದೆ ನೋಡು ಎಂದರು. ಆಸ್ಪತ್ರೆ ಮುಚ್ಚುವ ಹೊತ್ತಾಗಿತ್ತು.

ಇಂದುಮತಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಇವತ್ತು ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದಳು.

ಕೋಕಿಲಾಬೆನ್ ಎರಡೂ ಅಂಗೈ ಅಗಲಿಸಿ ಹಿಡಿದರು. ಆಮೇಲೆ ತುಸು ಯೋಚಿಸಿ, ಒಂದು ಬೆರಳು ಮಡಚಿದರು.