ತಿಳಿದಿರುವ ಸಕಲ ಸಂಗತಿಗಳು

"ಹಾವನ್ನೂ ಬರೆಯಿರಿ," ಎಂದ ಮ್ಯಾಕ್ಸಿಮ್.

ದಸ್ತಾವೇಜು ಬರೆಯುವ ದೇಜಪ್ಪ ಪೆನ್ನು ಎತ್ತಿ ಹಿಡಿದು ಅವನ ಮುಖ ನೋಡಿದ. "ಎಂತ ಹಾವು ಸಾರ್?"

"ಬಾವಿಕಟ್ಟೆಯ ಹಿಂದೆ ಒಂದು ಕೇರೆ ಉಂಟು. ಮಳೆಗಾಲದಲ್ಲಿ ಜಗಲಿಗೆ ಬರುತ್ತದೆ."

"ಕೇರೆಯನ್ನೆಲ್ಲ ಕ್ರಯಪತ್ರದಲ್ಲಿ ಬರೆಯುವ ಕ್ರಮ ಇಲ್ಲ ಮಾರಾಯ್ರೆ."

"ನಿಮ್ಮ ಕರಡಿನಲ್ಲೇ ಉಂಟಲ್ಲ, ತಿಳಿದಿರುವ ಸಕಲ ಸಂಗತಿಗಳನ್ನು ಮರೆಮಾಚದೆ ಅಂತ. ನನಗೆ ತಿಳಿದಿದೆ. ಬರೆಯಿರಿ."

ದೇಜಪ್ಪ ಬರೆದ. ಕೊಳ್ಳುವವನಾದ ಕಾರ್ಕಳದ ಹೆರಾಲ್ಡ್ ವಾಚು ನೋಡಿಕೊಂಡು, ಕೇರೆ ಇದ್ದರೆ ಇಲಿ ಇರುವುದಿಲ್ಲ, ಒಳ್ಳೆಯದೇ, ಎಂದ.

ಮಣಿಪಾಲದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ಮ್ಯಾಕ್ಸಿಮ್, ಕಾಪುವಿನ ತಂದೆಯ ಮನೆಯನ್ನು ಹಿತ್ತಿಲು ಸಮೇತ ಮಾರಲು ಉಡುಪಿಯ ನೋಂದಣಿ ಕಚೇರಿಗೆ ಬಂದಿದ್ದ. ಕಚೇರಿಯ ಜಗಲಿಯಲ್ಲಿ ಕೂತು, ಏಪ್ರಿಲ್ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತದೆ ಎಂಬ ಮೊದಲ ಸತ್ಯ ಹೇಳಿದ್ದೇ ತಡ, ಇನ್ನೊಂದು ಹೇಳಬೇಕೆನ್ನಿಸಿತು. ಉತ್ತರದ ಬೇಲಿ ನೆರೆಯವರ ಜಾಗದೊಳಗೆ ಮೂರು ಗೇಣು ಹೋಗಿದೆ ಎಂದಾಗ ಮೈ ಹಗುರವಾಯಿತು. ಮೀನಿನ ಹೆಂಗಸರು ಹಿತ್ತಿಲು ಹಾದು ಕಡಲಿಗೆ ಹೋಗುವ ರೂಢಿ ಉಂಟು, ತಡೆಯುವ ಹಾಗಿಲ್ಲ ಎಂದಾಗಂತೂ ನಗು ಬಂತು. ಬೆಳಿಗ್ಗೆ ಹನ್ನೊಂದು ಗಂಟೆಗೇ ಶೇಂದಿ ಕುಡಿದವನ ಹಾಗೆ ಆಗಿತ್ತು ಅವನಿಗೆ. ಸತ್ಯ ಹೇಳುವುದರಲ್ಲಿ ಇಷ್ಟು ಸುಖ ಇದೆಯೆಂದು ಮೂವತ್ತೈದು ವರ್ಷ ಯಾರೂ ಅವನಿಗೆ ತಿಳಿಸಿರಲಿಲ್ಲ.

"ಇಷ್ಟು ಪ್ರಾಮಾಣಿಕರನ್ನು ನಾನು ನೋಡಿಲ್ಲ," ಎಂದ ದೇಜಪ್ಪ, ಬೇಸರದಿಂದ. "ಮುಂದಿನದು ಓದುತ್ತೇನೆ. ನನ್ನ ತಂದೆಯವರಿಗೆ ನಾನೊಬ್ಬನೇ ವಾರಸುದಾರನಾಗಿದ್ದು, ನನಗೆ ಒಡಹುಟ್ಟಿದವರು ಯಾರೂ ಇರುವುದಿಲ್ಲ. ಸರಿ ಅಲ್ವಾ?"

"ಗೋಡಂಬಿ ಮರಕ್ಕೆ ಹುಳ ಹಿಡಿದಿದೆ. ಅದನ್ನು ಬರೆದಿರಾ?"

ದೇಜಪ್ಪ ಗೋಡಂಬಿ ಮರವನ್ನು ಹುಡುಕಲು ಪುಟ ತಿರುಗಿಸಿದ. ಹೀಗೆ ಆ ವಾಕ್ಯ ಸರಿಯೆಂದೂ ಅನ್ನಿಸಿಕೊಳ್ಳದೆ, ತಪ್ಪೆಂದೂ ಅನ್ನಿಸಿಕೊಳ್ಳದೆ ಕರಡಿನಲ್ಲಿ ಉಳಿಯಿತು.

ಒಡಹುಟ್ಟಿದವಳು ಇದ್ದಳು. ಅಕ್ಕ, ಝೀಟಾ. ಹನ್ನೊಂದು ವರ್ಷದ ಹಿಂದೆ, ಅರುವತ್ತೇಳನೇ ಇಸವಿಯಲ್ಲಿ, ಕಾಪುವಿನ ದೋಣಿಯ ದೂಮಪ್ಪನ ಜೊತೆ ಹೋದಳು. ಅವಳು ನಮ್ಮ ಪಾಲಿಗೆ ಸತ್ತಳು ಎಂದು ತಂದೆ ಊಟದ ಮೇಜಿನ ಮುಂದೆ ಹೇಳಿದಾಗ ಮ್ಯಾಕ್ಸಿಮ್ ಸಾರು ಬಡಿಸಿಕೊಳ್ಳುತ್ತಿದ್ದ. ಕಳೆದ ವರ್ಷ ತಂದೆ ತೀರಿಕೊಂಡ ಮೇಲೆ ವಂಶವೃಕ್ಷದಲ್ಲಿ ತನ್ನ ಹೆಸರೊಂದನ್ನೇ ಬರೆದುಕೊಟ್ಟ. ಈಗ ಆ ಹೆಸರು ಹೇಳಿದರೆ ಕ್ರಯ ನಿಲ್ಲುತ್ತದೆ, ಅರ್ಧ ಅವಳದಾಗುತ್ತದೆ. ಅದು ಅಂಥ ದೊಡ್ಡ ಸಂಗತಿಯಲ್ಲ. ಅವಳ ಬಾಗಿಲಿಗೆ ಹೋಗಿ ನಿಲ್ಲಬೇಕಲ್ಲ, ಅದಕ್ಕೆ ಅವನಿಗೆ ಭಯವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಪತ್ರ ಶುದ್ಧಪ್ರತಿಯಾಯಿತು. ಆದರೆ ಮ್ಯಾಕ್ಸಿಮನನ್ನು ಗುರುತಿಸಬೇಕಾದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ, ಇಗರ್ಜಿಯ ಕಜೆಟನ್, ಬರಲೇ ಇಲ್ಲ. ಬಸ್ಸು ತಪ್ಪಿರಬೇಕು ಎಂದರು. ಕಾಪುವಿನವರು ಒಬ್ಬರು ಸಿಕ್ಕಿದರೆ ಸಾಕು ಎಂದು ದೇಜಪ್ಪ ಮೀನು ಮಾರ್ಕೆಟಿನ ಕಡೆ ಹೋದ. ತನ್ನನ್ನು ಗುರುತಿಸುವವರು ಉಡುಪಿಯಲ್ಲಿ ಸಿಕ್ಕುವುದು ಕಷ್ಟವಾಗಿದೆ ಎಂಬುದು ಮ್ಯಾಕ್ಸಿಮನಿಗೆ ಬಹಳ ತಮಾಷೆಯಾಗಿ ಕಂಡಿತು. ಹೆರಾಲ್ಡನಿಗೆ ಹಾಗೆಂದು ಹೇಳಿದ. ಹೆರಾಲ್ಡ್ ನಗಲಿಲ್ಲ.

"ಸಿಕ್ಕಿದರು ಸಾರ್," ಎಂದು ದೇಜಪ್ಪ ಬಂದ. "ಸರಸಕ್ಕ. ಕಾಪುವಿನವರೇ."

ಹಿಂದೆ ಬಂದ ಹೆಂಗಸು ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಮೈ ತುಂಬಿಕೊಂಡಿತ್ತು. ಹಣೆಯಲ್ಲಿ ಕುಂಕುಮ. ಝೀಟಾ.

"ಇವರ ಗುರ್ತ ಉಂಟಲ್ಲ?" ಎಂದ ದೇಜಪ್ಪ.

ಅವಳು ನೋಡಿದಳು. ಸಾವಕಾಶವಾಗಿಯೇ ನೋಡಿದಳು.

"ಉಂಟು," ಎಂದಳು.

ಒಳಗೆ ನೋಂದಣಿ ಅಧಿಕಾರಿ ಪತ್ರವನ್ನು ಗಟ್ಟಿಯಾಗಿ ಓದಿಸಿದರು. ಉಪ್ಪು ನೀರು, ಬೇಲಿ, ದಾರಿ, ಕೇರೆ. ಗುಮಾಸ್ತರು ಕೆಲಸ ಬಿಟ್ಟು ಕೇಳಿದರು, ಕೇರೆಗೆ ನಕ್ಕರು. ಮ್ಯಾಕ್ಸಿಮನೂ ನಕ್ಕ, ನಿಲ್ಲಿಸಲು ಹೋದರೆ ನಿಲ್ಲಲಿಲ್ಲ. ಒಡಹುಟ್ಟಿದವರು ಯಾರೂ ಇರುವುದಿಲ್ಲ ಎಂದು ಓದುವಾಗಲೂ ಅವನು ನಗುತ್ತಲೇ ಇದ್ದ.

"ಬೇರೆ ವಾರಸುದಾರರು ಇಲ್ಲ ತಾನೇ?" ಅಧಿಕಾರಿ ಸಾಕ್ಷಿಯನ್ನು ಕೇಳಿದರು. "ನಿಮಗೆ ಗೊತ್ತಿದ್ದ ಹಾಗೆ?"

"ಅದನ್ನು ಅವರೇ ಹೇಳಬೇಕಲ್ಲ," ಎಂದಳು ಅವಳು.

ಎಲ್ಲರೂ ಮ್ಯಾಕ್ಸಿಮನ ಕಡೆ ತಿರುಗಿದರು. ಮಾತು ಗಂಟಲಿಗೆ ಬಂದೇ ಬಿಟ್ಟಿತ್ತು. ಎಷ್ಟು ಸುಲಭ ಎಂದು ಅವನಿಗೆ ಹಿಗ್ಗಾಯಿತು. ಬಾಯಿ ತೆರೆದ.

"ಪಡುವಣ ಕೋಣೆಯ ಮಾಡು ಸೋರುತ್ತದೆ," ಎಂದ. "ಅದನ್ನು ಬರೆಸಲು ಮರೆತೆ."

ಕಚೇರಿಯೇ ನಕ್ಕಿತು.

"ಹೌದು," ಎಂದಳು ಅವಳು. "ಕಿಟಕಿಯ ಹತ್ತಿರ. ಮಂಚ ಸರಿಸಬೇಕಾಗುತ್ತದೆ."

ಅಧಿಕಾರಿಗೆ ಸಾಕಾಗಿತ್ತು. ಸೋರಿಕೆಯನ್ನು ಕೊನೆಗೆ ಸೇರಿಸಿ ಮುಗಿಸಿರಿ ಎಂದರು. ಸಹಿ ಹಾಕಲು ಬರುತ್ತದಾ ಎಂದು ಗುಮಾಸ್ತ ಅವಳನ್ನು ಕೇಳಿದ. ಮ್ಯಾಕ್ಸಿಮನ ಶಾಲೆಯ ಪ್ರಬಂಧಗಳನ್ನೆಲ್ಲ ಚಂದದ ಅಕ್ಷರದಲ್ಲಿ ಬರೆದುಕೊಟ್ಟವಳು, ಬರುವುದಿಲ್ಲ ಎಂದು ತಲೆಯಾಡಿಸಿದಳು. ಗುಮಾಸ್ತ ಅವಳ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಸಿದ. ಆಮೇಲೆ ಮ್ಯಾಕ್ಸಿಮನದನ್ನು ಒತ್ತಿಸಿ, ಸಹಿಯನ್ನೂ ಮಾಡಿಸಿದ.

ಅವನು ಹೊರಗೆ ಬರುವಷ್ಟರಲ್ಲಿ ಬುಟ್ಟಿ ಇರಲಿಲ್ಲ. ಹೆರಾಲ್ಡ್ ಕೈ ಕುಲುಕಿ, ಇಂಥ ಜನ ಈಗ ಎಲ್ಲಿದ್ದಾರೆ ಎಂದು ಹೊಗಳಿ ಹೊರಟುಹೋದ. ಬಾಗಿಲ ಪಕ್ಕದ ಗೋಡೆಯ ತುಂಬ ಹೆಬ್ಬೆರಳಿನ ಗುರುತುಗಳಿದ್ದವು. ಮಾರಿದವರು, ಕೊಂಡವರು, ಸಾಕ್ಷಿ ಹೇಳಿದವರು ಎಲ್ಲರೂ ಹೋಗುವಾಗ ಶಾಯಿ ಒರೆಸಿಹೋಗಿದ್ದರು. ಒಂದು ತೀರ ಹೊಸದಾಗಿತ್ತು.

ಮ್ಯಾಕ್ಸಿಮ್ ಅದರ ಪಕ್ಕದಲ್ಲಿ ತನ್ನ ಬೆರಳನ್ನು ಒತ್ತಿದ. ಬೆರಳಿನ ಶಾಯಿ ಆಗಲೇ ಒಣಗಿತ್ತು, ಏನೂ ಮೂಡಲಿಲ್ಲ. ನಗುತ್ತಲೇ ಇನ್ನಷ್ಟು ಬಲವಾಗಿ ಒತ್ತಿದ. ಗೋಡೆಯ ಸುಣ್ಣ ಬೆರಳಿಗೆ ಹತ್ತಿತು.