ಗಾಳಿ ಬಂದಾಗ ನಿಲ್ಲಿಸುವ ಕೆಲಸ

ಪೇಟೆಯಿಂದ ಬಹಳ ದೂರದ ಗುಡ್ಡದ ಮೇಲೆ ಅಳಿಯನಿಗೆ ಗಾಳಿಯಂತ್ರ ನೋಡಿಕೊಳ್ಳುವ ಕೆಲಸ. ಅದೇನು ಕೆಲಸವೋ ನೋಡೋಣವೆಂದು ಕಿರಾಣಿ ಅಂಗಡಿಯ ಮಾವ ಒಂದು ದಿನ ಬಂದರು. ಒಳ್ಳೆ ಗಾಳಿ ಎದ್ದು ರೆಕ್ಕೆಗಳು ಜೋರಾಗಿ ತಿರುಗತೊಡಗಿದವು. ಆಗಲೇ ವಿದ್ಯುತ್ ಕಚೇರಿಯಿಂದ ಫೋನು ಬಂತು. ಅಳಿಯ ಗುಂಡಿ ಒತ್ತಿದ. ಅಷ್ಟೂ ಯಂತ್ರಗಳು ನಿಂತುಹೋದವು.

“ಯಾಕಪ್ಪಾ, ಕೆಟ್ಟೋಯ್ತಾ?” ಎಂದರು ಮಾವ.

“ಇಲ್ಲ ಮಾವ, ಗಾಳಿ ಜಾಸ್ತಿಯಾಯ್ತು. ಅಷ್ಟು ಕರೆಂಟು ಪೇಟೆಗೆ ಸಾಗಿಸೋಕೆ ಲೈನ್ ಸಾಲಲ್ಲ. ಜಾಗ ಅಗ್ಗ ಅಂತ ಇಲ್ಲಿ ತಂದು ನೆಟ್ರು, ತಂತಿ ವಿಷಯ ಆಮೇಲೆ ನೋಡೋಣ ಅಂದ್ರು.”

“ಮತ್ತೆ ಪೇಟೆಗೆ ಕರೆಂಟು?”

“ಅಲ್ಲೇ ಪಕ್ಕದಲ್ಲಿ ಕಲ್ಲಿದ್ದಲು ಉರಿಸ್ತಾರೆ. ಅದಕ್ಕೂ ದುಡ್ಡು, ನಾವು ನಿಲ್ಲಿಸಿದ್ದಕ್ಕೂ ಕಂಪನಿಗೆ ದುಡ್ಡು. ಎರಡೂ ನಿಮ್ಮ ಬಿಲ್ಲಿಗೇ ಬರುತ್ತೆ.”

ಮಾವ ಉರಿದುಬಿದ್ದರು. “ಅಂಗಡಿ ಬಾಗಿಲು ಹಾಕಿದ್ದಕ್ಕೆ ನನಗೆ ಯಾವ ಪುಣ್ಯಾತ್ಮ ದುಡ್ಡು ಕೊಟ್ಟಿದ್ದಾನೆ? ಇದು ಹಗಲುದರೋಡೆ!” ಎಂದು ಕೂಗಾಡಿ, ಅಳಿಯ ಕೊಟ್ಟ ಚಹಾ ಕುಡಿದು, ನಿಂತ ರೆಕ್ಕೆಗಳನ್ನೇ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

“ನಿನ್ನ ಬಾಮೈದನ್ನೂ ಇಲ್ಲಿಗೇ ಸೇರಿಸ್ಕೊಳ್ಳಪ್ಪಾ. ಸುಮ್ಮನೆ ಕೂರೋದ್ರಲ್ಲಿ ಅವನಿಗೆ ಹತ್ತು ವರ್ಷದ ಅನುಭವ ಇದೆ.”